ಕಾಫಿ ನೋಡಲು ಇಥಿಯೋಪಿಯಾಕ್ಕೆ: ಮೇ ಬೇಡ, ಡಿಸೆಂಬರ್ ಕೊನೆಗೆ ಹೋಗಿ

ಪ್ರಶ್ನೆ: ನಾನು ದಾವಣಗೆರೆಯವಳು, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ, ಬರುವ ವರ್ಷ ರಿಟೈರ್ ಆಗುತ್ತೇನೆ. ನಮ್ಮ ಯಜಮಾನರಿಗೆ ಚನ್ನಗಿರಿ ಹತ್ತಿರ ಅಡಿಕೆ ತೋಟ ಇದೆ. ಇಬ್ಬರಿಗೂ ಕಾಫಿ ಅಂದರೆ ಪ್ರಾಣ. ಕಾಫಿ ಹುಟ್ಟಿದ ಇಥಿಯೋಪಿಯಾ ನೋಡಬೇಕು ಅಂತ ಬಹಳ ವರ್ಷದ ಆಸೆ. ಮಗ ಮಾತ್ರ ವಿಯೆಟ್ನಾಂ ಸುಲಭ, ಅಲ್ಲಿಗೇ ಹೋಗಿ ಅನ್ನುತ್ತಾನೆ. ಅಡಿಕೆ ಕೊಯ್ಲೆಲ್ಲ ಮುಗಿದ ಮೇಲೆ ಮೇ ತಿಂಗಳಲ್ಲಿ ಹನ್ನೆರಡು ದಿನ ಹೋಗಿಬರಬಹುದಾ? ನಾವು ಸಸ್ಯಾಹಾರಿಗಳು, ಊಟಕ್ಕೆ ಏನು ಮಾಡುವುದು? ಯಜಮಾನರು ಇನ್ನೊಂದು ಕೇಳು ಅಂದರು: ತೋಟಕ್ಕೆ ಹಾಕಲು ಅಲ್ಲಿಂದ ನಾಲ್ಕು ಬೀಜ ತರಬಹುದಾ?

ಉತ್ತರ: ಮೇಡಂ, ಮೊದಲು ತಿಂಗಳ ವಿಷಯ ಮುಗಿಸೋಣ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಮೇ ಬೇಡ. ಆಗ ಅಲ್ಲಿ ಗಿಡದಲ್ಲಿ ಎಳೆ ಕಾಯಿ ಇರುತ್ತದೆ ಅಷ್ಟೆ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಶೆಡ್ಡಿಗೆ ಬೀಗ, ಒಣಗಿಸುವ ಜಾಗ ಖಾಲಿ, ಮೇಲಿಂದ ಮಳೆ. ಕಾಫಿ ಗಿಡ ನೋಡಿ ವಾಪಸ್ ಬರುತ್ತೀರಿ. ಗಿಡ ನೋಡಲು ಮೂಡಿಗೆರೆ ಸಾಕಲ್ವಾ?

ನನ್ನ ವಿಷಯ ಎರಡು ಮಾತಲ್ಲಿ ಹೇಳುತ್ತೇನೆ. ಹದಿನೆಂಟು ವರ್ಷ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಒಣಗಿದ ಕಾಫಿಯ ಹೊಟ್ಟು ತೆಗೆದು ಹಸನು ಮಾಡುವ ಕಾರ್ಖಾನೆಯಲ್ಲಿ, ಬೀಜ ವಿಂಗಡಿಸಿ ರುಚಿ ನೋಡುವ ಕೆಲಸ ಮಾಡಿದೆ. ಈಗ ದಾವಣಗೆರೆಯಲ್ಲೇ ಬೀಜ ಹುರಿದು ಪುಡಿ ಮಾಡಿ ಮಾರುತ್ತೇನೆ. ಇಥಿಯೋಪಿಯಾಕ್ಕೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಒಂಬತ್ತು ದಿನದಲ್ಲಿ ಐದು ಊರು ಓಡಾಡಿದೆ. ಎರಡನೇ ಸಲ ಒಂದೇ ಸೀಮೆಯಲ್ಲಿ ಆರು ದಿನ ನಿಂತೆ. ಆ ದೇಶದ ಕಾಫಿ ಬಗ್ಗೆ ನನಗೆ ತಿಳಿದದ್ದೆಲ್ಲ ಆ ಆರು ದಿನದ್ದು. ಅದಕ್ಕೇ ಹೇಳುವುದು: ಕೊಯ್ಲಿನ ಕಾಲಕ್ಕೆ ಹೋಗಿ, ಒಂದೇ ಸೀಮೆಯಲ್ಲಿ ನಿಲ್ಲಿ, ಯಾರದಾದರೂ ಮನೆಯಲ್ಲಿ ಪೂರ್ತಿ ಕೂತು ಕಾಫಿ ಕುಡಿಯಿರಿ.

ಮಗನ ಮಾತೂ ತಪ್ಪಲ್ಲ. ವಿಯೆಟ್ನಾಂನಲ್ಲಿ ಓಡಾಟ ಸಲೀಸು. ಬ್ರೆಜಿಲ್ ಬಿಟ್ಟರೆ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ಅದು, ಬಹುಪಾಲು ರೊಬಸ್ಟಾ, ಅಂದರೆ ಅರೇಬಿಕಾಗಿಂತ ಕಹಿ ಜಾಸ್ತಿ ಇರುವ ಜಾತಿ. ಬುವಾನ್ ಮಾ ಥುವೊಟ್ ಕಡೆ ಹೋದರೆ ಕಣ್ಣು ಹಾಯಿಸಿದಷ್ಟೂ ಕಾಫಿ. ಫಿನ್ ಅಂತ ಲೋಟದ ಮೇಲೆ ಕೂರುವ ಚಿಕ್ಕ ಫಿಲ್ಟರ್, ಕೆಳಗೆ ಗಟ್ಟಿ ಸಿಹಿ ಹಾಲು, ಹನಿ ಹನಿಯಾಗಿ ಇಳಿಯುವ ಡಿಕಾಕ್ಷನ್. ನಮ್ಮ ಫಿಲ್ಟರ್ ಕಾಫಿ ಕುಡಿದ ನಾಲಿಗೆಗೆ ಅದು ಬೇಗ ಹಿಡಿಸುತ್ತದೆ. ಹನೋಯ್‌ನಲ್ಲಿ 1946ರಲ್ಲಿ ಹಾಲಿಗೆ ಬರ ಬಂದಾಗ ಮೊಟ್ಟೆಯ ಹಳದಿ ಕಡೆದು ಹಾಕಿದ ಕಾಫಿ ಹುಟ್ಟಿತು, ಅದು ನಿಮಗೆ ಬೇಡ ಬಿಡಿ. ಆದರೆ ನಿಮ್ಮ ಆಸೆ ಇರುವುದು ಕಾಫಿ ಹುಟ್ಟಿದ ಜಾಗದ ಮೇಲೆ. ಮಂಡಿ ಗಟ್ಟಿ ಇರುವಾಗಲೇ ಕಷ್ಟದ ದಾರಿ ಮುಗಿಸಿಬಿಡಿ. ವಿಯೆಟ್ನಾಂಗೆ ಇನ್ನೈದು ವರ್ಷ ಬಿಟ್ಟರೂ ಹೋಗಬಹುದು.

ನಾನಾದರೆ ಡಿಸೆಂಬರ್ 20ರ ಹೊತ್ತಿಗೆ ಹೊರಟು ಜನವರಿ 5ರೊಳಗೆ ವಾಪಸ್ ಬರುವ ಹಾಗೆ ಟಿಕೆಟ್ ಮಾಡಿಸುತ್ತೇನೆ. ಅಲ್ಲಿ ಕೊಯ್ಲು ಅಕ್ಟೋಬರ್‌ನಿಂದ ಜನವರಿವರೆಗೆ. ತಗ್ಗಿನ ತೋಟಗಳು ಮೊದಲು ಹಣ್ಣಾಗುತ್ತವೆ, ಎತ್ತರದವು ಕೊನೆಗೆ. ಡಿಸೆಂಬರ್ ಕೊನೆಗೆ ಮೇಲಿನ ತೋಟದಲ್ಲಿ ಹಣ್ಣು ಕೊಯ್ಯುವುದೂ ಸಿಗುತ್ತದೆ, ಕೆಳಗೆ ಮೊದಲೇ ಕೊಯ್ದದ್ದು ಒಣಗುತ್ತಿರುವುದೂ ಸಿಗುತ್ತದೆ. ನಿಮ್ಮ ಅಡಿಕೆಯದೂ ದೊಡ್ಡ ಕೊಯ್ಲು ಆ ಹೊತ್ತಿಗೆ ಮುಗಿದಿರುತ್ತದಲ್ವಾ? ಉಳಿದ ಒಂದು ಕೊಯ್ಲನ್ನು ಎರಡು ವಾರದ ಮಟ್ಟಿಗೆ ಯಾರಿಗಾದರೂ ಒಪ್ಪಿಸಬಹುದು. ಜನವರಿ 7 ಅವರ ಕ್ರಿಸ್‌ಮಸ್, 19ಕ್ಕೆ ತಿಮ್ಕತ್ ಹಬ್ಬ. ಆಗ ರೂಮು, ಗಾಡಿ ಎಲ್ಲ ದುಬಾರಿ.

ಆ ದಿನಗಳನ್ನೇ ಹೇಳಲು ಇನ್ನೊಂದು ಕಾರಣ ನಿಮ್ಮ ಊಟ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಕ್ರಿಸ್‌ಮಸ್‌ಗೆ ಮೊದಲು ನವೆಂಬರ್ 25ರಿಂದ 43 ದಿನ ಉಪವಾಸ ಹಿಡಿಯುತ್ತಾರೆ. ಅವರ ಉಪವಾಸ ಅಂದರೆ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇಲ್ಲ. ವರ್ಷವಿಡೀ ಬುಧವಾರ, ಶುಕ್ರವಾರವೂ ಹಾಗೇ. ಹೋಟೆಲಿನಲ್ಲಿ 'ತ್ಸೋಮ್' ಅನ್ನಿ, ಅಂದರೆ ಉಪವಾಸದ್ದು ಅಂತ. ದೊಡ್ಡ ತಟ್ಟೆಯಲ್ಲಿ ಇಂಜೆರಾ ಹಾಸಿ ಅದರ ಮೇಲೆ ಬೇಳೆ, ಎಲೆಕೋಸು, ಸೊಪ್ಪು, ಬೀಟ್‌ರೂಟ್ ಪಲ್ಯ ಇಷ್ಟಿಷ್ಟೇ ಇಟ್ಟು ಕೊಡುತ್ತಾರೆ, ಅದಕ್ಕೆ ಬೆಯಾಯ್ನೆತು ಅಂತ ಹೆಸರು. ಒಂದೇ ತಟ್ಟೆಯಲ್ಲಿ ಇಬ್ಬರೂ ಕೈ ಹಾಕಿ ತಿನ್ನಬೇಕು. ಕೆಲವರು ಉಪವಾಸದಲ್ಲಿ ಮೀನು ತಿನ್ನುತ್ತಾರೆ, ಹಾಗಾಗಿ ಮೀನೂ ಬೇಡ ಅಂತ ಒಂದು ಮಾತು ಸೇರಿಸಿ.

ಇಂಜೆರಾ ಅಂದರೆ ಟೆಫ್ ಅನ್ನುವ ಧಾನ್ಯದ್ದು. ಕಾಳು ಸಾಸಿವೆಗಿಂತ ಎಷ್ಟೋ ಚಿಕ್ಕದು. ಹಿಟ್ಟು ಕಲಸಿ ಎರಡು-ಮೂರು ದಿನ ಹುಳಿ ಬರಿಸಿ ದೊಡ್ಡ ಹಂಚಿನ ಮೇಲೆ ಹೊಯ್ಯುತ್ತಾರೆ. ನಮ್ಮ ಬೆಣ್ಣೆ ದೋಸೆಯ ಗರಿಗರಿ ಅದರಲ್ಲಿ ಹುಡುಕಬೇಡಿ. ಮೆತ್ತಗೆ, ಮೇಲೆಲ್ಲ ತೂತು ತೂತು, ಹುಳಿ ಜಾಸ್ತಿ. ಮೊದಲ ದಿನ ಕಷ್ಟ ಅನಿಸಬಹುದು, ಮೂರನೇ ದಿನ ನೀವೇ ಕೇಳಿ ಹಾಕಿಸಿಕೊಳ್ಳುತ್ತೀರಿ. ಜೊತೆಗೆ ಶಿರೋ ಅಂತ ಸಿಗುತ್ತದೆ, ಕಡಲೆ ಹಿಟ್ಟಿಗೆ ಖಾರ ಹಾಕಿ ಕುದಿಸಿದ್ದು, ಅದು ಥೇಟ್ ನಮ್ಮ ಜುಣಕದ ತಂಗಿ. ಒಂದು ಎಚ್ಚರ: ನೀವು ಹೋಗಿ ನಿಲ್ಲಬೇಕಾದ ದಕ್ಷಿಣದ ಕಾಫಿ ಸೀಮೆ ಯಿರ್ಗಾಚೆಫೆ ಕಡೆ ಪ್ರೊಟೆಸ್ಟೆಂಟರು ಜಾಸ್ತಿ, ಸಣ್ಣ ಊರುಗಳಲ್ಲಿ ಉಪವಾಸದ ಊಟ ರಾಜಧಾನಿಯಷ್ಟು ಸಲೀಸಾಗಿ ಸಿಗುವುದಿಲ್ಲ. ಒಂದಿಷ್ಟು ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಬ್ಯಾಗಿನಲ್ಲಿರಲಿ.

ಈಗ ಎಲ್ಲಿಗೆ ಅನ್ನುವುದು. ರಾಜಧಾನಿ ಅಡಿಸ್ ಅಬಾಬಾದಲ್ಲಿ ಎರಡು ದಿನ ಇರಿ. ಇಡೀ ಊರೇ ಸಮುದ್ರ ಮಟ್ಟದಿಂದ 2300 ಮೀಟರ್ ಎತ್ತರದಲ್ಲಿದೆ, ಅಂದರೆ ನಮ್ಮ ಮುಳ್ಳಯ್ಯನಗಿರಿ ತುದಿಗಿಂತಲೂ ಮೇಲೆ. ಮೊದಲ ದಿನ ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ, ಸುಮ್ನೆ ಗಾಬರಿ ಆಗಬೇಡಿ, ನಿಧಾನ ನಡೆಯಿರಿ. ಬಿಪಿ ಇದ್ದರೆ ಹೊರಡುವ ಮೊದಲೇ ಡಾಕ್ಟರಿಗೆ ಹೇಳಿ. ಅಲ್ಲಿ 1953ರಿಂದ ನಡೆಯುತ್ತಿರುವ ಟೊಮೊಕಾ ಅಂತ ಒಂದು ಕಾಫಿ ಅಂಗಡಿ ಇದೆ. ನಿಂತುಕೊಂಡೇ ಕುಡಿಯುವ ಜಾಗ. ಇಟಲಿಯವರು 1936ರಿಂದ 1941ರವರೆಗೆ ಆ ದೇಶವನ್ನು ಹಿಡಿದಿದ್ದರು. ಅವರು ಹೋದರು, ಎಸ್‌ಪ್ರೆಸ್ಸೊ ಮಿಷನ್ನು, ಮಕಿಯಾಟೊ ಉಳಿದವು. ಪೇಟೆಯಲ್ಲಿ ಹಾಲು ಹಾಕಿದ ಕಾಫಿ ಬೇಕು ಅನಿಸಿದರೆ ಮಕಿಯಾಟೊ ಕೇಳಿ.

ಅಲ್ಲಿಂದ ಗಾಡಿ, ಡ್ರೈವರ್ ಗೊತ್ತು ಮಾಡಿಕೊಂಡು ದಕ್ಷಿಣಕ್ಕೆ ಹೊರಡಿ. ಒಂದು ರಾತ್ರಿ ಹವಾಸಾದಲ್ಲಿ ಕೆರೆ ದಡದಲ್ಲಿ ಕಳೆದು, ಮರುದಿನ ಡಿಲ್ಲಾ ದಾಟಿ ಯಿರ್ಗಾಚೆಫೆ. ರಾಜಧಾನಿಯಿಂದ ಸುಮಾರು 400 ಕಿಲೋಮೀಟರ್. ಅಲ್ಲೇ ಐದಾರು ದಿನ ನಿಂತುಬಿಡಿ.

ಗಾಡಿ ಗೊತ್ತು ಮಾಡುವಾಗ ಗಡಿಯಾರದ ಮಾತು ಮರೆಯಬೇಡಿ. ಅಲ್ಲಿ ಹೊತ್ತು ಎಣಿಸುವುದು ಸೂರ್ಯ ಹುಟ್ಟಿದಾಗಿನಿಂದ. ನಮ್ಮ ಬೆಳಿಗ್ಗೆ ಏಳು ಅವರಿಗೆ ಒಂದು ಗಂಟೆ. ಮೊದಲ ಸಲ ಡ್ರೈವರ್ 'ನಾಳೆ ಎರಡು ಗಂಟೆಗೆ' ಅಂದಾಗ ನಾನು ಮಧ್ಯಾಹ್ನ ಅಂದುಕೊಂಡೆ. ಆತ ಬೆಳಿಗ್ಗೆ ಎಂಟಕ್ಕೇ ಬಂದು, ಕಾದು, ಹೊರಟುಹೋಗಿದ್ದ. ಒಂದು ದಿನದ ಕೊಯ್ಲು ನೋಡುವುದು ತಪ್ಪಿತು. ಯಾರು ಸಮಯ ಹೇಳಿದರೂ 'ಬೆಳಿಗ್ಗೆಯಾ, ಮಧ್ಯಾಹ್ನವಾ, ನಿಮ್ಮ ಲೆಕ್ಕವಾ, ನಮ್ಮ ಲೆಕ್ಕವಾ' ಅಂತ ಕೇಳಿ.

ಯಿರ್ಗಾಚೆಫೆಯೇ ಯಾಕೆ ಅಂದರೆ, ಮುಖ್ಯವಾಗಿ ನಿಮ್ಮ ಯಜಮಾನರಿಗಾಗಿ. ಆ ಊರಿರುವ ಗೆಡಿಯೋ ಸೀಮೆಯಲ್ಲಿ ನಮ್ಮ ಚಿಕ್ಕಮಗಳೂರಿನ ಹಾಗೆ ನೂರಾರು ಎಕರೆ ಎಸ್ಟೇಟು, ಕೆಲಸದವರ ಲೈನ್ ಮನೆ, ಲೆಕ್ಕ ಬರೆಯುವ ರೈಟರ್ ಕಾಣುವುದಿಲ್ಲ. ಮನೆ ಸುತ್ತ ಚೂರು ಜಾಗ, ಹಿತ್ತಲು ಅನ್ನಿ. ಅದರಲ್ಲೇ ದೊಡ್ಡ ಮರ, ಮರದ ಕೆಳಗೆ ಎನ್ಸೆಟ್, ಎನ್ಸೆಟ್ ನಡುವೆ ಕಾಫಿ, ಕಾಫಿ ಸಂದಿಯಲ್ಲಿ ಸೊಪ್ಪು ತರಕಾರಿ. ಎನ್ಸೆಟ್ ನೋಡಲು ಬಾಳೆಯೇ, ಆದರೆ ಹಣ್ಣು ತಿನ್ನುವುದಿಲ್ಲ. ದಿಂಡು, ಗೆಡ್ಡೆ ಹೆರೆದು, ನೆಲದಲ್ಲಿ ಗುಂಡಿ ತೋಡಿ ಹುದುಗಿಟ್ಟು, ಹುಳಿ ಬಂದ ಮೇಲೆ ರೊಟ್ಟಿ ಮಾಡುತ್ತಾರೆ. ಹೊಟ್ಟೆಗೆ ಎನ್ಸೆಟ್, ಕೈಗೆ ಕಾಸು ಕಾಫಿಯಿಂದ. ಈ ಬೇಸಾಯದ ರೀತಿಗಾಗಿಯೇ ಗೆಡಿಯೋ ನೆಲವನ್ನು ಯುನೆಸ್ಕೊ 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಅಡಿಕೆ ನಡುವೆ ಬಾಳೆ, ಕಾಳುಮೆಣಸು ಹಾಕಿದವರಿಗೆ ಅಲ್ಲಿ ಒಂದು ದಿನ ಸಾಲುವುದಿಲ್ಲ.

ಸಂಜೆ ಹೊತ್ತು ಪಲ್ಪಿಂಗ್ ನಡೆಯುವ ಜಾಗಕ್ಕೆ ಹೋಗಿ, ಬೆಳಿಗ್ಗೆ ಹೋದರೆ ಅರ್ಧ ಮಾತ್ರ ಕಾಣುತ್ತದೆ. ದಿನವೆಲ್ಲ ಕೊಯ್ದ ಹಣ್ಣನ್ನು ರೈತರು ತಲೆ ಮೇಲೆ, ಕತ್ತೆ ಮೇಲೆ ಹೊತ್ತು ಕತ್ತಲಾಗುವ ಹೊತ್ತಿಗೆ ತರುತ್ತಾರೆ. ಅಲ್ಲೇ ನೆಲದಲ್ಲಿ ಸುರಿದು ಹಸಿರು ಕಾಯಿ ಆರಿಸಬೇಕು, ಆಮೇಲೆ ತೂಕ. ಮಿಷನ್ ಓಡುವುದು ರಾತ್ರಿ. ಸಿಪ್ಪೆ ಬಿಟ್ಟ ಬೀಜವನ್ನು ಲೋಳೆ ಸಮೇತ ತೊಟ್ಟಿಯಲ್ಲಿ ಒಂದೂವರೆ, ಎರಡು ದಿನ ಬಿಡುತ್ತಾರೆ. ಲೋಳೆ ಬಿಟ್ಟಿತೋ ಇಲ್ಲವೋ ನೋಡಲು ಅಲ್ಲಿನ ಮೇಸ್ತ್ರಿ ಒಂದು ಹಿಡಿ ಬೀಜ ಎತ್ತಿ ಅಂಗೈಯಲ್ಲಿ ಉಜ್ಜಿ ಕಿವಿ ಹತ್ತಿರ ಹಿಡಿದ. ಮರಳಿನ ಹಾಗೆ ಜರಜರ ಅಂದರೆ ಆಯಿತು, ಜಾರಿದರೆ ಇನ್ನೂ ಆಗಿಲ್ಲ. ನಮ್ಮ ಮಲೆನಾಡಿನಲ್ಲೂ ಹೀಗೇ ನೋಡುತ್ತಾರೆ. ಭಾಷೆ ಬಾರದ ಊರಿನಲ್ಲಿ ಆ ಒಂದು ಸದ್ದು ಕೇಳಿ ನನಗೆ ಕಣ್ಣು ಒದ್ದೆಯಾಯಿತು.

ಒಣಗಿಸುವುದು ಮಾತ್ರ ಬೇರೆ. ನಾವು ಕಣದಲ್ಲಿ ನೆಲಕ್ಕೆ ಹರಡುತ್ತೇವೆ. ಅವರು ಸೊಂಟದೆತ್ತರಕ್ಕೆ ಉದ್ದುದ್ದ ಮಂಚ ಕಟ್ಟಿ, ಮೇಲೆ ಬಲೆ ಹಾಸಿ ಹರಡುತ್ತಾರೆ, ಕೆಳಗಿನಿಂದಲೂ ಗಾಳಿ ಆಡುತ್ತದೆ. ಎರಡೂ ಬದಿಗೆ ಹೆಂಗಸರು ನಿಂತು ಕೆಟ್ಟ ಬೀಜ ಆರಿಸುತ್ತಿರುತ್ತಾರೆ, ಬೆರಳು ನಿಲ್ಲುವುದೇ ಇಲ್ಲ. ನಡು ಮಧ್ಯಾಹ್ನ ಬಿಸಿಲು ಜೋರಾದರೆ ಬೀಜದ ಮೇಲಿನ ಪಾರ್ಚ್‌ಮೆಂಟ್ ಅನ್ನುವ ಒಳಸಿಪ್ಪೆ ಬಿರಿಯುತ್ತದೆ, ಅದಕ್ಕೆ ಬಟ್ಟೆ ಮುಚ್ಚುತ್ತಾರೆ. ಒಂದು ಮಂಚದ ಹತ್ತಿರ ಅರ್ಧ ಗಂಟೆ ಸುಮ್ನೆ ನಿಲ್ಲಿ. ಆ ಕಾಫಿಯಲ್ಲಿ ಮಲ್ಲಿಗೆ, ನಿಂಬೆ ಘಮ ಬರುತ್ತದೆ ಅಂತ ರುಚಿ ನೋಡುವವರು ಹೇಳುವುದು ನಿಜ, ಆದರೆ ಆ ಘಮ ಉಳಿಯುವುದು ಈ ಕೈಗಳಿಂದ. ಫೋಟೊ ತೆಗೆಯುವ ಮೊದಲು ಅವರನ್ನು ಕೇಳಿ.

ಇನ್ನು ಮನೆಯ ಕಾಫಿ. ಅದನ್ನು ಬುನಾ ಅನ್ನುತ್ತಾರೆ. 'ಬುನಾ ಡಾಬೊ ನೌ' ಅಂತ ಅವರದೊಂದು ಗಾದೆ, ಕಾಫಿಯೇ ನಮ್ಮ ರೊಟ್ಟಿ ಅಂತ ಅರ್ಥ. ಬೆಳೆದ ಕಾಫಿಯಲ್ಲಿ ಸುಮಾರು ಅರ್ಧ ಆ ದೇಶದವರೇ ಕುಡಿಯುತ್ತಾರೆ. ಹೋಟೆಲಿನ ಮೂಲೆಯಲ್ಲಿ ಪ್ರವಾಸಿಗರಿಗೆ ಮಾಡಿ ತೋರಿಸುವುದನ್ನು ನೋಡಿ ಇದೇ ಅಂದುಕೊಳ್ಳಬೇಡಿ. ನಿಮ್ಮ ಡ್ರೈವರನ್ನೋ ಗೈಡನ್ನೋ ಕೇಳಿ, ತನ್ನ ಮನೆಗೆ, ಇಲ್ಲವೇ ಅಕ್ಕನ ಮನೆಗೆ ಕರೆದುಕೊಂಡು ಹೋಗುತ್ತಾನೆ. ಸಕ್ಕರೆ, ಒಂದಿಷ್ಟು ಕಾಫಿ ಬೀಜ ತಗೊಂಡು ಹೋಗಿ, ಬರಿಗೈಲಿ ಹೋಗುವುದು ಬೇಡ.

ನಾನು ಹೋದ ಮನೆಯ ಹೆಂಗಸು ಮೊದಲು ನೆಲಕ್ಕೆ ಹಸಿ ಹುಲ್ಲು ಹರಡಿದರು. ಕೆಂಡದ ಮೇಲೆ ಧೂಪ ಹಾಕಿದರು. ಹಸಿ ಬೀಜ ಮೂರು ಸಲ ತೊಳೆದು, ರೊಟ್ಟಿ ಹಂಚಿನಂಥ ಕಬ್ಬಿಣದ ತಟ್ಟೆಯಲ್ಲಿ ಹಾಕಿ ಕೈ ಬಿಡದೆ ಹುರಿದರು. ಬೀಜ ಚಟಪಟ ಅಂದು ಎಣ್ಣೆ ಬಿಟ್ಟು ಹೊಳೆಯಲು ಶುರುವಾದಾಗ ಎದ್ದು, ಆ ಹಂಚನ್ನು ಕೂತವರ ಮುಂದೆಲ್ಲ ತಂದರು. ನಾವು ಮಂಗಳಾರತಿ ತಗೊಳ್ಳುವ ಹಾಗೆ ಎರಡೂ ಕೈಯಿಂದ ಆ ಹೊಗೆ ಮುಖಕ್ಕೆ ಎಳೆದುಕೊಳ್ಳಬೇಕು. ನನಗೆ ಯಾರೂ ಹೇಳಿಕೊಡಲಿಲ್ಲ, ಕೈ ತಾನಾಗಿ ಹೋಯಿತು. ಆಮೇಲೆ ಮರದ ಕುಟ್ಟಾಣಿಯಲ್ಲಿ ಕುಟ್ಟಿ, ಜೆಬೆನಾ ಅನ್ನುವ ಉದ್ದ ಕತ್ತಿನ ಮಣ್ಣಿನ ಹೂಜಿಗೆ ಹಾಕಿ ಕುದಿಸಿದರು. ಸಿನಿ ಅನ್ನುವ ಹಿಡಿ ಇಲ್ಲದ ಚಿಕ್ಕ ಬಟ್ಟಲುಗಳನ್ನು ಒತ್ತೊತ್ತಾಗಿ ಜೋಡಿಸಿ, ಒಂದು ಅಡಿ ಎತ್ತರದಿಂದ ಎಳೆ ಕಡಿಯದ ಹಾಗೆ ಹೊಯ್ದರು. ಜೊತೆಗೆ ಜೋಳದ ಅರಳು. ಮಂಡಕ್ಕಿ ಊರಿನಿಂದ ಹೋದ ನಮಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ.

ಒಂದು ಸಲ ಕುಡಿದು ಎದ್ದು ಬರುವ ಹಾಗಿಲ್ಲ. ಮೂರು ಸುತ್ತು. ಅದೇ ಪುಡಿಗೆ ಮತ್ತೆ ಮತ್ತೆ ನೀರು ಹಾಕಿ ಕುದಿಸುತ್ತಾರೆ. ಮೊದಲನೆಯದು ಅಬೋಲ್, ಗಟ್ಟಿ. ಎರಡನೆಯದು ತೋನಾ. ಮೂರನೆಯದು ಬರಕಾ, ತೀರಾ ತೆಳು, ರುಚಿಗೆ ಅಂತ ಯಾರೂ ಕುಡಿಯುವುದಿಲ್ಲ. ಬರಕಾ ಅಂದರೆ ಆಶೀರ್ವಾದ. 'ಅವರ ಮನೆಯಲ್ಲಿ ಬರಕತ್ತಿದೆ' ಅಂತ ನಾವೂ ಅನ್ನುತ್ತೇವಲ್ಲ, ಅದೇ ಮಾತು, ಅರಬ್ಬಿಯಿಂದ ಅವರಿಗೂ ಹೋಗಿದೆ, ನಮಗೂ ಬಂದಿದೆ. ಮೂರನೆಯದಕ್ಕೆ ಮೊದಲು ಎದ್ದರೆ ಮನೆಯವರಿಗೆ ಬೇಜಾರು. ಎಲ್ಲ ಸೇರಿ ಒಂದೂವರೆ, ಎರಡು ಗಂಟೆ ಹಿಡಿಯುತ್ತದೆ. ಮೊದಲ ಸಲ ನಾನು ಎರಡನೇ ಬಟ್ಟಲಿಗೇ ಎದ್ದು ಗಾಡಿ ಹತ್ತಿದ್ದೆ, ಮುಂದಿನ ಊರು ಕಾಯುತ್ತಿತ್ತು ಅಂತ. ಆ ತಾಯಿ ಬಾಗಿಲವರೆಗೆ ಬಟ್ಟಲು ಹಿಡಿದುಕೊಂಡು ಬಂದಿದ್ದರು. ಇವತ್ತಿಗೂ ನನಗೆ ಅದರ ನೋವಿದೆ.

ಕಾಫಿ ಕಾಡಿನಲ್ಲಿ ತಾನಾಗಿ ಬೆಳೆಯುವುದನ್ನು ನೋಡಬೇಕು ಅಂದರೆ ದಾರಿ ಬೇರೆ, ನೈಋತ್ಯದ ಕಾಫಾ ಸೀಮೆಗೆ ಹೋಗಬೇಕು. ಜಿಮ್ಮಾವರೆಗೆ ವಿಮಾನ, ಅಲ್ಲಿಂದ ಬೊಂಗಾಕ್ಕೆ ಗಾಡಿ. ಬೊಂಗಾದಲ್ಲಿ ಕಾಫಿ ಮ್ಯೂಸಿಯಂ ಇದೆ. ಆ ಕಾಡನ್ನು ಯುನೆಸ್ಕೊ 2010ರಲ್ಲಿ ಜೀವಗೋಳ ಮೀಸಲು ಪ್ರದೇಶ ಅಂತ ಗುರುತಿಸಿದೆ. ಅಲ್ಲಿ ಕೊಯ್ಲು ಸ್ವಲ್ಪ ಮುಂಚೆಯೇ ಮುಗಿಯುತ್ತದೆ. ಹನ್ನೆರಡು ದಿನದಲ್ಲಿ ಎರಡನ್ನೂ ಮಾಡಲು ಹೋಗಬೇಡಿ, ನನ್ನ ಮೊದಲ ಪ್ರವಾಸದ ಹಾಗಾಗುತ್ತದೆ. ಟ್ರಾವೆಲ್ಸ್‌ನವರು ಉತ್ತರದಲ್ಲಿ ಬಂಡೆ ಕೊರೆದ ಚರ್ಚುಗಳಿರುವ ಲಾಲಿಬೆಲಾವನ್ನೂ ಸೇರಿಸೋಣ ಅನ್ನಬಹುದು. ಅದಿರುವ ಅಮ್ಹಾರಾ ಕಡೆ 2023ರಿಂದ ಗಲಾಟೆ ನಡೆದಿದೆ, ಬೇಡ ಅನ್ನಿ. ದಕ್ಷಿಣಕ್ಕೆ ಹೋಗುವಾಗಲೂ ಅಡಿಸ್‌ನ ಭಾರತೀಯ ರಾಯಭಾರ ಕಚೇರಿಯ ಸೂಚನೆ ನೋಡಿಯೇ ಟಿಕೆಟ್ ಮಾಡಿಸಿ.

ಹೋಗುವ ಮೊದಲು ದಯವಿಟ್ಟು ಇನ್ನೊಂದು ಕೆಲಸ ಮಾಡಿ. ನವೆಂಬರ್ ಕೊನೆಗೋ ಡಿಸೆಂಬರ್ ಮೊದಲ ವಾರಕ್ಕೋ ಚನ್ನಗಿರಿ, ಬೀರೂರು, ಕಡೂರು ದಾರಿಯಲ್ಲಿ ಚಿಕ್ಕಮಗಳೂರಿಗೆ ಹೋಗಿ ಎರಡು ದಿನ ಇದ್ದು ಬನ್ನಿ. ಅರೇಬಿಕಾ ಕೊಯ್ಲು ನಡೆಯುತ್ತಿರುತ್ತದೆ. ಕಾಫಿ ಮಂಡಳಿಯ ಮ್ಯೂಸಿಯಂ ನೋಡಿ, ಒಂದು ತೋಟದಲ್ಲಿ ಪಲ್ಪಿಂಗ್ ನೋಡಿ. ಇಲ್ಲಿಯದು ಕಣ್ಣಲ್ಲಿದ್ದರೆ ಅಲ್ಲಿ ಏನು ಬೇರೆ ಅಂತ ತಕ್ಷಣ ಗೊತ್ತಾಗುತ್ತದೆ. ಸಿಕ್ಕರೆ 'ಸೆಲೆಕ್ಷನ್ 9' ತಳಿಯ ಬೀಜ ಚಿಕೋರಿ ಇಲ್ಲದೆ ಹುರಿಸಿ ಪುಡಿ ಮಾಡಿಸಿಕೊಂಡು, ಹಾಲು ಹಾಕದೆ ವಾರವಿಡೀ ಕುಡಿಯಿರಿ. ಇಥಿಯೋಪಿಯಾದ ಟಫಾರಿಕೆಲಾ ಅನ್ನುವ ಕಾಫಿಯ ರಕ್ತ ಆ ತಳಿಯಲ್ಲಿದೆ. ನಾಲಿಗೆ ಅಲ್ಲಿಗೆ ಮೊದಲೇ ತಯಾರಾಗುತ್ತದೆ.

ಕಾಗದ ಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ವೀಸಾ ಆನ್‌ಲೈನಿನಲ್ಲಿ ಸಿಗುತ್ತದೆ. ಯೆಲ್ಲೊ ಫೀವರ್ ಚುಚ್ಚುಮದ್ದಿನ ಹಳದಿ ಕಾರ್ಡ್ ಇಲ್ಲದೆ ಹೊರಡಲೇಬೇಡಿ. ಇಥಿಯೋಪಿಯಾದಿಂದ ವಾಪಸ್ ಬರುವವರ ಹತ್ತಿರ ಅದಿಲ್ಲದಿದ್ದರೆ ನಮ್ಮ ಏರ್‌ಪೋರ್ಟಿನಲ್ಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಸರ್ಕಾರ ಗೊತ್ತು ಮಾಡಿದ ಕೇಂದ್ರಗಳಲ್ಲಿ ಹಾಕಿಸಿದ್ದು ಮಾತ್ರ ನಡೆಯುತ್ತದೆ, ಬೆಂಗಳೂರಿನಲ್ಲಿ ಇದೆ. ಪ್ರಯಾಣಕ್ಕೆ ಹತ್ತು ದಿನ ಮೊದಲೇ ಆಗಿರಬೇಕು. 60 ದಾಟಿದವರಿಗೆ ಈ ಮದ್ದು ಒಮ್ಮೊಮ್ಮೆ ತೊಂದರೆ ಕೊಡುತ್ತದೆ, ಹಾಗಾಗಿ ನಿಮ್ಮ ಯಜಮಾನರ ವಯಸ್ಸು, ಆರೋಗ್ಯ ಎಲ್ಲ ಡಾಕ್ಟರಿಗೆ ಹೇಳಿ, ಅವರು ಹೂಂ ಅಂದ ಮೇಲೇ ಟಿಕೆಟ್.

ಕೊನೆಗೆ ಯಜಮಾನರ ಬೀಜ. ಸರ್, ಇದನ್ನು ನಿಮಗೇ ಹೇಳುತ್ತೇನೆ. ತರಬೇಡಿ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದರು ಅನ್ನುವ ಕತೆ ನಮಗೆಲ್ಲ ಪ್ರೀತಿಯದು, ಆ ಏಳು ಬೀಜದಿಂದಲೇ ನಮ್ಮ ಕಾಫಿ ಶುರುವಾಯಿತು ಅಂತ ನಂಬಿದವರು ನಾವು. ಆದರೆ ಈಗ ಕಾಲ ಬೇರೆ. ಆಫ್ರಿಕಾದಲ್ಲಿ ಕಾಫಿ ಹಣ್ಣಿಗೆ ಬರುವ ಒಂದು ಶಿಲೀಂಧ್ರ ರೋಗ ಇದೆ, ಕಾಫಿ ಬೆರಿ ಡಿಸೀಸ್ ಅಂತ. ಕೀನ್ಯಾದಲ್ಲಿ 1922ರಲ್ಲಿ ಕಾಣಿಸಿತು, ಇಥಿಯೋಪಿಯಾಕ್ಕೆ 1971ರಲ್ಲಿ ಬಂತು. ಹಸಿ ಕಾಯಿ ಗಿಡದಲ್ಲೇ ಕಪ್ಪಾಗಿ ಕೊಳೆತು ಉದುರುತ್ತದೆ. ಅದು ನಮ್ಮ ದೇಶಕ್ಕೆ ಇನ್ನೂ ಬಂದಿಲ್ಲ. ಹಾಗೆ ಹೊರಗಿನಿಂದ ಬಂದ ಕಾಯಿ ಕೊರಕ ಹುಳ 1990ರಲ್ಲಿ ನೀಲಗಿರಿಯ ಗೂಡಲೂರು ಕಡೆ ಮೊದಲು ಸಿಕ್ಕಿತು, ಆಮೇಲೆ ಕೊಡಗು, ಚಿಕ್ಕಮಗಳೂರಿನವರು ಪಟ್ಟ ಪಾಡು ನಾನು ಕ್ಯೂರಿಂಗ್‌ನಲ್ಲಿ ಮೂಟೆ ಮೂಟೆ ತೂತು ಬೀಜ ನೋಡಿ ಬಲ್ಲೆ. ಅಡಿಕೆಗೆ ಕೊಳೆ ರೋಗ ಬಂದ ವರ್ಷ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಒಂದು ಹಣ್ಣು, ಒಂದು ಸಸಿ, ಜೇಬಿನಲ್ಲಿ ನಾಲ್ಕು ಹಸಿ ಬೀಜ, ಯಾವುದೂ ಬೇಡ. ಕಾನೂನೂ ಬಿಡುವುದಿಲ್ಲ. ಹುರಿದ ಬೀಜದ ಪ್ಯಾಕೆಟ್ ತನ್ನಿ, ಜೆಬೆನಾ ತನ್ನಿ, ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲೇ ಇಟ್ಟುಕೊಳ್ಳಿ.

ಅಷ್ಟಕ್ಕೂ ಇಥಿಯೋಪಿಯಾದ್ದು ಅರೇಬಿಕಾ, ಅದಕ್ಕೆ ಬೇಕಾದ ಎತ್ತರ, ತಂಪು ಚನ್ನಗಿರಿಯಲ್ಲಿ ಇಲ್ಲ. ಅಡಿಕೆ ನೆರಳಲ್ಲಿ, ನೀರು ಇದ್ದರೆ, ರೊಬಸ್ಟಾ ನೋಡಬಹುದು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಒಮ್ಮೆ ಹೋಗಿ ನಿಮ್ಮ ಮಣ್ಣು, ನೀರಿನ ವಿಷಯ ಹೇಳಿ ಕೇಳಿ. ಮತ್ತೆ, ಯಿರ್ಗಾಚೆಫೆ ತೋಟದಲ್ಲಿ ಹಾಕಿಕೊಂಡ ಬೂಟನ್ನು ಅಲ್ಲೇ ಚೆನ್ನಾಗಿ ಉಜ್ಜಿ ತೊಳೆದು ತನ್ನಿ. ಬಾಳೆಹೊನ್ನೂರಿಗೆ ಹೋಗುವಾಗ ಮಾತ್ರ ಬೇರೆ ಚಪ್ಪಲಿ ಮೆಟ್ಟಿಕೊಂಡು ಹೋಗಿ.